ಎಲ್ಲವನ್ನೂ ಹೊಸದಾಗಿಸಿದ ಮೇಲೆ ಆಂಪ್ಲಿಫೈಯರ್‌ನ ನಾದ ಏಕೆ ಒಣಗಿತು?

ಪ್ರಶ್ನೆ: ನನ್ನ ಬಳಿ ಸುಮಾರು ಇಪ್ಪತ್ತೈದು ವರ್ಷ ಹಳೆಯದಾದ 40 ವ್ಯಾಟ್‌ನ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಗಿಟಾರ್ ಆಂಪ್ಲಿಫೈಯರ್ ಇದೆ. ಸ್ಪೀಕರ್‌ಗೆ ಬಲ ಕೊಡುವ ಪವರ್ ವಾಲ್ವ್‌ಗಳು ಎರಡು 6ಎಲ್6ಜಿಸಿ; ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೂಡ ವಾಲ್ವ್, ಜಿಝೆಡ್34. ಈಚೆಗೆ ಗುಂಯ್ ಎನ್ನುವ ಸದ್ದು ಹೆಚ್ಚಾಗಿತ್ತು. ಹೇಗೂ ಬಿಚ್ಚುತ್ತೇವಲ್ಲ, ಒಂದೇ ಸಲಕ್ಕೆ ಎಲ್ಲವನ್ನೂ ಮೇಲ್ದರ್ಜೆಗೆ ಏರಿಸೋಣವೆಂದು ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯನಿಗೆ ಒಪ್ಪಿಸಿದೆ. ಅವನು ವಿದ್ಯುತ್ ಪೂರೈಕೆಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಿಸಿದ. ಮೊದಲನೆಯದು 40 ಮೈಕ್ರೋಫ್ಯಾರಡ್ ಇದ್ದದ್ದು ಈಗ 100. ಒಂದು ಹಂತವನ್ನು ಮುಂದಿನದಕ್ಕೆ ಜೋಡಿಸುವ ಕಪ್ಲಿಂಗ್ ಕೆಪಾಸಿಟರ್‌ಗಳ ಜಾಗಕ್ಕೆ ಕಾಗದ ಮತ್ತು ಎಣ್ಣೆಯ ದುಬಾರಿ ಕೆಪಾಸಿಟರ್ ಬಂದವು. ಹೊಂದಿಸಿ ಮಾರುವ ಹೊಸ 6ಎಲ್6 ಜೋಡಿ ಹಾಕಿದೆವು. ಮೊದಲ ಸಾಕೆಟ್‌ನಲ್ಲಿದ್ದ ಚಿಕ್ಕ ವಾಲ್ವ್ 12ಎವೈ7 ತೆಗೆದು 12ಎಎಕ್ಸ್7 ಕೂರಿಸಿದೆವು. ಗುಂಯ್ ಸದ್ದು ಹೋಯಿತು, ಅದರೊಂದಿಗೆ ನಾದದ ಜೀವವೂ ಹೋಯಿತು. ಮೆಲ್ಲಗೆ ಮೀಟಿದರೆ ಸ್ವರ ಕರಗುವ ಹೊತ್ತಿಗೆ ಮರಳು ಉಜ್ಜಿದಂತಾಗುತ್ತದೆ. ವಾಲ್ಯೂಮ್ ಗುಂಡಿ 3ಕ್ಕೆ ಬರುವ ಮೊದಲೇ ಸ್ವರ ಒಡೆಯುತ್ತದೆ. ಜೋರಾಗಿ ಮೀಟಿದರೆ ಮೊದಲಿನ ಹಾಗೆ ತುಂಬಿಕೊಳ್ಳದೆ ಬಿರುಸಾಗಿ ಹೊಡೆಯುತ್ತದೆ. ನೂರು ಗಂಟೆ ನುಡಿಸಿದರೆ ಸರಿಹೋಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸಿ ಎಂದು ಇನ್ನೊಬ್ಬರು, 6ಎಲ್6 ಬಿಟ್ಟು ಇಎಲ್34 ಹಾಕಿ ಎಂದು ಮತ್ತೊಬ್ಬರು. ಏನು ಮಾಡಲಿ? ಹಳೆಯ ಭಾಗಗಳೆಲ್ಲ ಒಂದು ಡಬ್ಬಿಯಲ್ಲಿವೆ.

ಉತ್ತರ: ಇಷ್ಟು ವಿವರವಾಗಿ ಬರೆದ ನೀವು ಒಂದು ಸಂಗತಿಯನ್ನು ಮಾತ್ರ ಹೇಳಿಲ್ಲ. ಹೊಸ ಪವರ್ ವಾಲ್ವ್ ಹಾಕಿದ ಮೇಲೆ ಬಯಾಸ್, ಅಂದರೆ ಸುಮ್ಮನಿರುವಾಗ ಅವುಗಳಲ್ಲಿ ಹರಿಯುವ ಕರೆಂಟ್, ಅಳೆದಿರಾ? ಹೇಳಿಲ್ಲವೆಂದರೆ ಅಳೆದಿಲ್ಲ ಎಂದೇ ನನ್ನ ಊಹೆ. ದುರಸ್ತಿಯ ಮೇಜಿನ ಮುಂದೆ ಕೂತು ಬಹಳ ವರ್ಷಗಳಾದವು. ‘ಎಲ್ಲ ಹೊಸದು ಹಾಕಿಸಿದೆ, ನಾದ ಕೆಟ್ಟಿತು’ ಎಂದು ಬರುವ ಆಂಪ್ಲಿಫೈಯರ್‌ಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು.

ನಿಮ್ಮದು ಒಂದು ದೂರಿನಂತೆ ಕಂಡರೂ ಅದರಲ್ಲಿ ಮೂರು ದೂರುಗಳಿವೆ. ಸ್ವರದ ಬಾಲದಲ್ಲಿ ಮರಳು, ಬೇಗ ಒಡೆಯುವುದು, ಹೊಡೆತದ ಬಿರುಸು. ಮೂರಕ್ಕೂ ಕಾರಣ ಬೇರೆ ಬೇರೆ. ನಾಲ್ಕು ಬದಲಾವಣೆಗಳನ್ನು ಒಂದೇ ದಿನ ಮಾಡಿದ್ದರಿಂದ ಎಲ್ಲ ಕಲಸಿಹೋಗಿ, ನಿಮ್ಮ ಕಿವಿಗೆ ‘ಜೀವ ಹೋಯಿತು’ ಎಂಬ ಒಂದೇ ತೀರ್ಪು ಸಿಕ್ಕಿದೆ.

ಮರಳಿನಿಂದ ಶುರು ಮಾಡೋಣ. ವಾಲ್ವ್ ಒಳಗೆ ಕಾದ ಕ್ಯಾಥೋಡ್‌ನಿಂದ ಪ್ಲೇಟ್ ಕಡೆಗೆ ಎಲೆಕ್ಟ್ರಾನ್‌ಗಳು ಹರಿಯುತ್ತವೆ. ನಡುವೆ ಇರುವ ಗ್ರಿಡ್ ನಲ್ಲಿಯ ತಿರುಪಿನಂತೆ. ಅದಕ್ಕೆ ಎಷ್ಟು ಋಣ ವೋಲ್ಟೇಜ್ ಕೊಡುತ್ತೇವೋ ಹರಿವು ಅಷ್ಟು ಕಡಿಮೆ. ಏನೂ ನುಡಿಸದೆ ಸುಮ್ಮನಿರುವಾಗ ಎಷ್ಟು ಕರೆಂಟ್ ಹರಿಯುತ್ತಿರಬೇಕು ಎಂದು ನಿಲ್ಲಿಸುವ ಹದಕ್ಕೆ ಬಯಾಸ್ ಎನ್ನುತ್ತಾರೆ. ಲೆಕ್ಕ ಸರಳ. 6ಎಲ್6ಜಿಸಿಯ ಪ್ಲೇಟ್ ತಡೆದುಕೊಳ್ಳುವ ಶಾಖದ ಮಿತಿ 30 ವ್ಯಾಟ್. ನಿಮ್ಮಂಥ ಆಂಪ್ಲಿಫೈಯರ್‌ಗಳಲ್ಲಿ, ಸುಮ್ಮನಿರುವಾಗ ಅದರ ಶೇಕಡಾ 70ನ್ನು ದಾಟಬಾರದು ಎಂಬುದು ದುರಸ್ತಿಗಾರರ ರೂಢಿ. ಅಂದರೆ 21 ವ್ಯಾಟ್. ಪ್ಲೇಟ್‌ನಲ್ಲಿ 450 ವೋಲ್ಟ್ ಇದೆ ಎಂದುಕೊಂಡರೆ ಒಂದೊಂದು ವಾಲ್ವ್‌ಗೆ ಸುಮಾರು 46 ಮಿಲಿಆಂಪಿಯರ್. ಇದು ಮೇಲಿನ ಗಡಿ, ಮುಟ್ಟಲೇಬೇಕಾದ ಗುರಿ ಎಂದು ತಿಳಿಯಬೇಡಿ. ನಾನು ಸಾಮಾನ್ಯವಾಗಿ 35ರಿಂದ 40ರ ನಡುವೆ ನಿಲ್ಲಿಸಿ, ಮೀಟರ್ ಬದಿಗಿಟ್ಟು ಕೇಳುತ್ತೇನೆ.

ಒಂದೇ ಗ್ರಿಡ್ ವೋಲ್ಟೇಜ್‌ನಲ್ಲಿ ಹಳೆಯ ಜೋಡಿ 38 ಮಿಲಿಆಂಪಿಯರ್ ಎಳೆಯುತ್ತಿದ್ದಲ್ಲಿ ಹೊಸ ಜೋಡಿ 20ರ ಹತ್ತಿರ ನಿಂತದ್ದನ್ನು ಕಂಡಿದ್ದೇನೆ. ಎರಡೂ ಒಳ್ಳೆಯ ವಾಲ್ವ್‌ಗಳೇ. ಅಂಗಡಿಯಲ್ಲಿ ‘ಹೊಂದಿಸಿದ ಜೋಡಿ’ ಎಂದರೆ ಆ ಎರಡು ಒಂದಕ್ಕೊಂದು ಹೊಂದಿವೆ ಎಂದಷ್ಟೇ ಅರ್ಥ. ನಿಮ್ಮ ಆಂಪ್ಲಿಫೈಯರ್‌ಗೆ ಹೊಂದುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ.

ಕರೆಂಟ್ ಕಡಿಮೆಯಾದಾಗ ಆಗುವುದೇನು? ಎರಡು ಪವರ್ ವಾಲ್ವ್‌ಗಳು ಅಲೆಯ ಏರನ್ನು ಒಂದು, ಇಳಿತವನ್ನು ಇನ್ನೊಂದು ಎಂಬಂತೆ ಹಂಚಿಕೊಂಡು ಹೊರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೊರೆ ದಾಟುವ ಕ್ಷಣದಲ್ಲಿ ಎರಡೂ ಸ್ವಲ್ಪ ಎಚ್ಚರವಾಗಿರಬೇಕು. ಬಯಾಸ್ ತೀರ ತಣ್ಣಗಿದ್ದರೆ, ಅಂದರೆ ಕರೆಂಟ್ ತೀರ ಕಡಿಮೆಯಿದ್ದರೆ, ಆ ಕ್ಷಣಕ್ಕೆ ಎರಡೂ ತೂಕಡಿಸುತ್ತಿರುತ್ತವೆ, ಅಲೆಯ ನಡುವೆ ಒಂದು ಗಂಟು ಬೀಳುತ್ತದೆ. ಜೋರಾಗಿ ನುಡಿಸುವಾಗ ದೊಡ್ಡ ಅಲೆಯಲ್ಲಿ ಈ ಗಂಟು ಕಾಣಿಸದು. ಸ್ವರ ಕರಗುತ್ತ ಅಲೆ ಸಣ್ಣದಾದಂತೆ ಗಂಟೇ ದೊಡ್ಡದಾಗಿ ಕೇಳಿಸುತ್ತದೆ. ನೀವು ಬರೆದ ‘ಮರಳು ಉಜ್ಜಿದಂತೆ’ ಎಂಬ ಮಾತಿಗಿಂತ ಚೆನ್ನಾಗಿ ನಾನು ಅದನ್ನು ವರ್ಣಿಸಲಾರೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ. ಕರೆಂಟ್ ಹೆಚ್ಚಿದರೆ ನಾದ ತುಂಬಿಕೊಂಡಂತೆ ಕೇಳುತ್ತದೆ, ಆದರೆ ಪ್ಲೇಟ್ ಕೆಂಪಗೆ ಕಾದು ವಾಲ್ವ್ ಬೇಗ ಸಾಯುತ್ತದೆ. ಸಾಯುವಾಗ ಕೆಲವೊಮ್ಮೆ ಟ್ರಾನ್ಸ್‌ಫಾರ್ಮರನ್ನೂ ಕರೆದೊಯ್ಯುತ್ತದೆ. ಇವತ್ತೇ ಒಂದು ಕೆಲಸ ಮಾಡಿ. ಕೋಣೆಯ ದೀಪ ಆರಿಸಿ, ಆಂಪ್ಲಿಫೈಯರನ್ನು ಹಿಂದಿನಿಂದ ನೋಡಿ. ಒಳಗೆ ಹೀಟರ್‌ನ ಕಿತ್ತಳೆ ಬೆಳಕು ಇರಬೇಕಾದದ್ದೇ. ಗಾಜಿಗೆ ಅಂಟಿದಂತೆ ಅಲ್ಲಲ್ಲಿ ಕಾಣುವ ನೀಲಿ ಮಂಜಿಗೂ ಹೆದರಬೇಕಿಲ್ಲ. ಹೊರಗಿನ ಬೂದು ಲೋಹದ ಮೇಲೆ ಕೆಂಡದ ಬಣ್ಣದ ಕಲೆ ಕಂಡರೆ ಮಾತ್ರ ಕೂಡಲೇ ಆರಿಸಿಬಿಡಿ.

ಎರಡನೆಯ ದೂರು, 3ಕ್ಕೆ ಮೊದಲೇ ಒಡೆಯುವುದು. ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 12ಎವೈ7ರ ವರ್ಧನಾಂಕ 44, 12ಎಎಕ್ಸ್7ರದು 100. ಕಾಲುಗಳ ಜೋಡಣೆ ಒಂದೇ ಆದ್ದರಿಂದ ಒಂದರ ಸಾಕೆಟ್‌ನಲ್ಲಿ ಇನ್ನೊಂದು ಕೂರುತ್ತದೆ, ಅಪಾಯವೂ ಇಲ್ಲ. ಆದರೆ ಮೊದಲ ಹಂತದಲ್ಲೇ ಸ್ವರ ಎರಡು ಪಟ್ಟು ದೊಡ್ಡದಾದರೆ ಮುಂದಿನ ಹಂತಕ್ಕೆ ಅದನ್ನು ನುಂಗಲಾಗದೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ‘12ಎಎಕ್ಸ್7 ಹೆಚ್ಚು ಒಳ್ಳೆಯದು’ ಎಂದು ಮಾರುವವರು ಹೇಳಿರಬಹುದು. ಅದು ಹೆಚ್ಚು ಬಲದ್ದು, ಅಷ್ಟೇ. ವಿನ್ಯಾಸ ಮಾಡಿದವರು ಅಲ್ಲಿ ಕಡಿಮೆ ಬಲದ್ದನ್ನು ಇಟ್ಟದ್ದು ದುಡ್ಡು ಉಳಿಸಲೆಂದಲ್ಲ. ಡಬ್ಬಿಯಿಂದ ಹಳೆಯ 12ಎವೈ7 ತೆಗೆದು, ಆಂಪ್ಲಿಫೈಯರ್ ಆರಿಸಿ ತಣ್ಣಗಾದ ಮೇಲೆ ಹಾಕಿ ನೋಡಿ. ನಡುವಿನ ಹದ ಬೇಕೆನಿಸಿದರೆ 5751 ಎಂಬುದೊಂದಿದೆ, ವರ್ಧನಾಂಕ 70.

ಮೊದಲ ಸಾಕೆಟ್‌ನ ಈ ವಾಲ್ವ್‌ಗೆ ಗಿಟಾರ್ ಆಂಪ್ಲಿಫೈಯರ್‌ಗಳ ಇತಿಹಾಸದಲ್ಲೇ ಒಂದು ಪಾತ್ರವಿದೆ. 1950ರ ದಶಕದ ಕೊನೆಯ ಫೆಂಡರ್ ಬ್ಯಾಸ್‌ಮನ್ ಆಂಪ್ಲಿಫೈಯರ್‌ನ ಸರ್ಕ್ಯೂಟನ್ನೇ ಆಧಾರವಾಗಿಟ್ಟುಕೊಂಡು ಲಂಡನ್‌ನಲ್ಲಿ ಜಿಮ್ ಮಾರ್ಷಲ್ ಅವರ ತಂಡ 1962ರಲ್ಲಿ ಜೆಟಿಎಂ45 ಕಟ್ಟಿತು. ನಕ್ಷೆಗಳನ್ನು ಪಕ್ಕ ಪಕ್ಕ ಇಟ್ಟರೆ ಅಣ್ಣತಮ್ಮಂದಿರು. ಆದರೆ ಬ್ಯಾಸ್‌ಮನ್‌ನ ಮೊದಲ ಸಾಕೆಟ್‌ನಲ್ಲಿ 12ಎವೈ7 ಇತ್ತು. ಮಾರ್ಷಲ್ ಅಲ್ಲಿ ಇಸಿಸಿ83 ಹಾಕಿದರು, ಅಂದರೆ 12ಎಎಕ್ಸ್7ರ ಯುರೋಪಿನ ಹೆಸರು. ಬ್ಯಾಸ್‌ಮನ್‌ನದು ಹಿಂಬದಿ ತೆರೆದ ಪೆಟ್ಟಿಗೆ, 10 ಇಂಚಿನ ನಾಲ್ಕು ಸ್ಪೀಕರ್. ಮಾರ್ಷಲ್ ಜೊತೆಗೆ ಬಂದದ್ದು ಹಿಂಬದಿ ಮುಚ್ಚಿದ ಪೆಟ್ಟಿಗೆ, 12 ಇಂಚಿನ ನಾಲ್ಕು. ಟ್ರಾನ್ಸ್‌ಫಾರ್ಮರ್ ಬೇರೆ, ಬಲುಬೇಗ ಪವರ್ ವಾಲ್ವ್‌ಗಳೂ ಬೇರೆಯಾದವು. ಅಷ್ಟರಿಂದಲೇ ಎರಡು ಬೇರೆ ಬೇರೆ ನಾದಗಳು ಹುಟ್ಟಿದವು. ನೀವು ಗೊತ್ತಿಲ್ಲದೆ ಅದೇ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದ್ದೀರಿ; ಸ್ಪೀಕರ್ ಮಾತ್ರ ಹಿಂದೆಯೇ ಉಳಿದಿದೆ.

ಮೂರನೆಯದು ಹೊಡೆತದ ಬಿರುಸು. ನಾಲ್ಕು ಕೆಲಸಗಳಲ್ಲಿ ನಿಜವಾಗಿ ಆಗಲೇಬೇಕಾಗಿದ್ದದ್ದು ಫಿಲ್ಟರ್ ಕೆಪಾಸಿಟರ್ ಬದಲಾವಣೆ, ಅದರಲ್ಲಿ ಎರಡು ಮಾತಿಲ್ಲ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗಿನ ದ್ರವ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಒಣಗುತ್ತದೆ. ಆಗ 50 ಹರ್ಟ್ಸ್ ವಿದ್ಯುತ್ತಿನಲ್ಲಿ 100 ಹರ್ಟ್ಸ್‌ನ ಗುಂಯ್ ಕೇಳತೊಡಗುತ್ತದೆ, ಎತ್ತರದ ಸ್ವರ ನುಡಿಸಿದರೆ ಕೆಳಗೆ ಶ್ರುತಿಗೆಟ್ಟ ಇನ್ನೊಂದು ಸ್ವರ ದೆವ್ವದಂತೆ ಹಿಂಬಾಲಿಸುತ್ತದೆ. ಒಣಗಿದ ಕೆಪಾಸಿಟರ್ ಇದ್ದಾಗ ವಿದ್ಯುತ್ ಪೂರೈಕೆ ಸಡಿಲವಾಗಿರುತ್ತದೆ. ತಂತಿಯನ್ನು ಜೋರಾಗಿ ಮೀಟಿದೊಡನೆ ವೋಲ್ಟೇಜ್ ಒಮ್ಮೆ ಕುಗ್ಗಿ, ಆಮೇಲೆ ಮೆಲ್ಲಗೆ ಮೇಲೇಳುತ್ತದೆ. ಹೊಡೆತದ ತುದಿ ಮೃದುವಾಗಿ, ಸ್ವರ ಹಿಂದಿನಿಂದ ಉಬ್ಬಿ ಬಂದ ಹಾಗೆ ಅನಿಸುತ್ತದೆ. ನೀವು ವರ್ಷಗಟ್ಟಲೆ ಪ್ರೀತಿಸಿದ ನಾದದಲ್ಲಿ ಒಂದು ಪಾಲು ಆ ಸವೆತದ್ದು. ಬೇಸರದ ಸಂಗತಿ, ಆದರೆ ಆ ಪಾಲನ್ನು ಉಳಿಸಿಕೊಳ್ಳಲು ಒಣಗಿದ ಕೆಪಾಸಿಟರನ್ನು ಮತ್ತೆ ಹಾಕಿ ಎಂದು ಹೇಳಲಾರೆ. ಅದು ಸಿಡಿದರೆ ಹೋಗುವುದು ಬರೀ ನಾದವಲ್ಲ.

ಹಾಗೆಂದು 40 ಇದ್ದಲ್ಲಿ 100 ಹಾಕಿದ್ದು ಸರಿಯೆಂದೂ ಅಲ್ಲ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕವಾದದ್ದು ಈ ಒಂದು ಅಂಕಿ. ಜಿಝೆಡ್34 ರೆಕ್ಟಿಫೈಯರ್‌ನ ತಾಂತ್ರಿಕ ವಿವರದಲ್ಲಿ, ಅದರ ಎದುರಿನ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ಮೀರಬಾರದು ಎಂದಿದೆ. ಖಾಲಿ ಕೆಪಾಸಿಟರ್ ತುಂಬಿಕೊಳ್ಳುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಆ ವಾಲ್ವ್ ಅದಕ್ಕಿಂತ ಹೆಚ್ಚು ತಾಳಲಾರದು; ಒಳಗೆ ಕಿಡಿ ಹಾರಿ, ಫ್ಯೂಸ್ ಹೋಗಿ, ನಾಳೆಯೋ ಮುಂದಿನ ವರ್ಷವೋ ವಾಲ್ವ್ ಸಾಯುತ್ತದೆ. ಸ್ಟ್ಯಾಂಡ್‌ಬೈ ಸ್ವಿಚ್ (ವಾಲ್ವ್ ಕಾಯುವವರೆಗೆ ದೊಡ್ಡ ವೋಲ್ಟೇಜ್ ತಡೆಹಿಡಿಯುವುದು) ಇರುವ ಆಂಪ್ಲಿಫೈಯರ್‌ಗಳಲ್ಲಿ ಕಾದ ರೆಕ್ಟಿಫೈಯರ್ ಮೇಲೆ ಈ ಹೊಡೆತ ಇನ್ನೂ ಜೋರು. ‘ಫಿಲ್ಟರ್ ದೊಡ್ಡದಾದಷ್ಟೂ ಒಳ್ಳೆಯದು’ ಎಂಬುದು ವಾಲ್ವ್ ರೆಕ್ಟಿಫೈಯರ್ ಬದಲು ಸಿಲಿಕಾನ್ ಡಯೋಡ್ ಬಳಸುವವರ ಅಭ್ಯಾಸ. ಮೊದಲ ಕೆಪಾಸಿಟರನ್ನು 40ಕ್ಕೆ, ಸಿಗದಿದ್ದರೆ 47ಕ್ಕೆ ಇಳಿಸಿ. ಬಿರುಸೂ ಒಂದಿಷ್ಟು ಇಳಿಯುತ್ತದೆ, ಗುಂಯ್ ಸದ್ದು ವಾಪಸ್ ಬರುವುದಿಲ್ಲ.

ಕಾಗದ ಮತ್ತು ಎಣ್ಣೆಯ ಕೆಪಾಸಿಟರ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸದು. ಕಪ್ಲಿಂಗ್ ಕೆಪಾಸಿಟರ್‌ನ ಕೆಲಸ ಒಂದು ಹಂತದ ಡಿಸಿ ವೋಲ್ಟೇಜನ್ನು ತಡೆದು, ಸ್ವರವನ್ನು ಮಾತ್ರ ಮುಂದಕ್ಕೆ ಬಿಡುವುದು. ಸೋರಿಕೆ ಇಲ್ಲದಿದ್ದರೆ, ಮೌಲ್ಯ ಒಂದೇ ಆಗಿದ್ದರೆ, ಅಗ್ಗದ ಪಾಲಿಯೆಸ್ಟರ್ ಕೆಪಾಸಿಟರ್‌ಗೂ ಹೊಳೆಯುವ ಕವಚದ ದುಬಾರಿಯದಕ್ಕೂ ನಡುವಿನ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಗುರುತಿಸಲು ನನಗೆ ಆಗಿಲ್ಲ. ಹಳೆಯದು ಸೋರುತ್ತಿದ್ದರೆ ಬದಲಿಸಿದ್ದು ಒಳ್ಳೆಯದೇ ಆಯಿತು. ಸೋರಿದ ಡಿಸಿ ಪವರ್ ವಾಲ್ವ್‌ನ ಬಯಾಸನ್ನು ಹಾಳು ಮಾಡುತ್ತದೆ. ಆದರೆ ಈ ಕೆಪಾಸಿಟರ್‌ಗಳು ಗಾತ್ರದಲ್ಲಿ ದೊಡ್ಡವು, ಕಾಲುಗಳೂ ಉದ್ದ. ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಒಂದು ಹಂತದ ತಂತಿ ಇನ್ನೊಂದರ ಮೇಲೆ ಮಲಗಿದರೆ, ಕಿವಿಗೆ ಕೇಳದಷ್ಟು ಎತ್ತರದಲ್ಲಿ ಆಂಪ್ಲಿಫೈಯರ್ ತನ್ನಷ್ಟಕ್ಕೆ ಕೂಗುತ್ತಿರಬಹುದು. ಆ ಕೂಗು ಕೇಳಿಸದಿದ್ದರೂ ಅದರ ಮೇಲೆ ಕೂತ ಸ್ವರ ಕರ್ಕಶವಾಗಿರುತ್ತದೆ. ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇರುವ ದುರಸ್ತಿಗಾರರಿಗೆ ಇದು ಎರಡು ನಿಮಿಷದಲ್ಲಿ ಕಾಣುತ್ತದೆ. ತೋರಿಸಿದಾಗ ಇದನ್ನೂ ನೋಡಿ ಎಂದು ಹೇಳಿ.

ಇನ್ನು ನೂರು ಗಂಟೆಯ ಮಾತು. ಅದರಲ್ಲಿ ಕಾಳು ಇಲ್ಲವೆಂದಲ್ಲ, ಹೊಟ್ಟೇ ಹೆಚ್ಚು. ಹೊಸ ಪವರ್ ವಾಲ್ವ್‌ನ ಕರೆಂಟ್ ಮೊದಲ ಹಲವು ಗಂಟೆಗಳಲ್ಲಿ ಸ್ವಲ್ಪ ಅತ್ತಿತ್ತ ಸರಿಯುತ್ತದೆ, ಅದಕ್ಕೇ ಬಯಾಸನ್ನು ಕೆಲವು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಹೊಸ ಸ್ಪೀಕರ್‌ನ ಅಂಚು ನುಡಿಸುತ್ತ ಸಡಿಲವಾಗುವುದೂ ನಿಜ. ಆದರೆ ತಪ್ಪಿದ ಬಯಾಸ್ ನೂರು ಗಂಟೆಯಲ್ಲಿ ತಾನಾಗಿ ಸರಿಹೋಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಬದಲಾಗುವುದು ನಿಮ್ಮ ಕಿವಿ. ಕೆಟ್ಟ ನಾದಕ್ಕೂ ಅದು ಒಗ್ಗಿಕೊಳ್ಳುತ್ತದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸಿ ಎಂಬ ಸಲಹೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವಾಲ್ವ್‌ಗಳಿಗೆ ಬೇಕಾದ ಕೆಲವು ಸಾವಿರ ಓಮ್‌ನ ಹೊರೆಯನ್ನು 8 ಓಮ್‌ನ ಸ್ಪೀಕರ್‌ಗೆ ಹೊಂದಿಸುವುದು ಅದರ ಕೆಲಸ, ನಿಮ್ಮದು ಆ ಕೆಲಸವನ್ನು ಇಪ್ಪತ್ತೈದು ವರ್ಷ ತಕರಾರಿಲ್ಲದೆ ಮಾಡಿದೆ. ಹೆಚ್ಚು ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್ ಮಂದ್ರವನ್ನೂ ತಾರವನ್ನೂ ಇನ್ನಷ್ಟು ದೂರ ಬಿಡುತ್ತದೆ. ಈಗಾಗಲೇ ಕರ್ಕಶವಾಗಿರುವುದನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುವುದರಿಂದ ಏನು ಲಾಭ? ಅದರ ಮೇಲೆ, ಎರಡು ಪ್ಲೇಟ್ ತಂತಿಗಳನ್ನು ಅದಲು ಬದಲು ಮಾಡಿ ಬೆಸೆದರೆ ಔಟ್‌ಪುಟ್‌ನಿಂದ ಹಿಂದಿನ ಹಂತಕ್ಕೆ ಮರಳಿ ಬರುವ ಫೀಡ್‌ಬ್ಯಾಕ್ ಸ್ವರವನ್ನು ತಡೆಯುವ ಬದಲು ತಳ್ಳತೊಡಗಿ, ಸ್ವಿಚ್ ಹಾಕಿದ ಕೂಡಲೇ ಆಂಪ್ಲಿಫೈಯರ್ ಅರಚುತ್ತದೆ.

ಇಎಲ್34 ಬೇಡ. ಸಾಕೆಟ್‌ನಲ್ಲಿ ಕೂರುತ್ತದೆ, ಅದೇ ಅಪಾಯ. 6ಎಲ್6ರ ಹೀಟರ್ 0.9 ಆಂಪಿಯರ್ ಎಳೆದರೆ ಇಎಲ್34ರದು 1.5, ಎರಡಕ್ಕೆ 1.2 ಆಂಪಿಯರ್ ಹೆಚ್ಚು ಹೊರೆಯನ್ನು ನಿಮ್ಮ ಪವರ್ ಟ್ರಾನ್ಸ್‌ಫಾರ್ಮರ್ ಹೊರುತ್ತದೆಂಬ ಖಾತ್ರಿಯಿಲ್ಲ. ಇಎಲ್34ರ ಒಂದನೆಯ ಕಾಲನ್ನು ಎಂಟನೆಯದಕ್ಕೆ ಜೋಡಿಸಿರಬೇಕು, 6ಎಲ್6ಗೆ ಅದು ಬೇಕಾಗುವುದಿಲ್ಲ, ಆದ್ದರಿಂದ ಅಲ್ಲಿ ಬೇರೇನನ್ನೋ ಬೆಸೆದಿರಲೂಬಹುದು. ಬಯಾಸ್ ವೋಲ್ಟೇಜ್ ಕೂಡ ಬೇರೆ.

ನಾದ ಬದಲಾಗಲೇಬೇಕು, ಅದಕ್ಕೆ ದುಡ್ಡು ಹಾಕುತ್ತೇನೆ ಎಂದಾದರೆ ಸ್ಪೀಕರ್ ಕಡೆ ನೋಡಿ. ಎಲ್ಲ ಕೆಪಾಸಿಟರ್ ಬದಲಿಸಿದರೂ ಆಗದ ವ್ಯತ್ಯಾಸ ಒಂದು ಸ್ಪೀಕರ್‌ನಿಂದ ಆಗುತ್ತದೆ. ಒಂದೇ ವ್ಯಾಟ್‌ಗೆ 97 ಡೆಸಿಬೆಲ್ ಕೊಡುವುದರ ಬದಲು 100 ಕೊಡುವ ಸ್ಪೀಕರ್ ಹಾಕಿದರೆ ಆಂಪ್ಲಿಫೈಯರ್‌ನ ಬಲ ಎರಡು ಪಟ್ಟಾದಂತೆ. ಆದರೆ ಕೊಳ್ಳುವ ಮೊದಲು ಬೇರೆಯವರ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ ಕೇಳಿ. ತಾಳುವ ವ್ಯಾಟ್ ಕೂಡ ನೋಡಿ; ಬಹು ಹೆಸರಾದ ಸೆಲೆಸ್ಚನ್ ಗ್ರೀನ್‌ಬ್ಯಾಕ್ 25 ವ್ಯಾಟ್‌ನದು, ನಿಮ್ಮ 40 ವ್ಯಾಟ್‌ನ ಮುಂದೆ ಒಂಟಿಯಾಗಿ ನಿಂತರೆ ಸುಟ್ಟೀತು.

ಒಬ್ಬರು ನಿಮ್ಮಂತೆಯೇ ‘ಕರ್ಕಶವಾಯಿತು’ ಎಂದು ಆಂಪ್ಲಿಫೈಯರ್ ತಂದಿದ್ದರು. ಬಯಾಸ್ ಸರಿಯಿತ್ತು, ಎಲ್ಲ ಸರಿಯಿತ್ತು. ಅರ್ಧ ದಿನ ಹುಡುಕಿ ಸೋತ ಮೇಲೆ ಮನೆಯಲ್ಲಿ ಎಲ್ಲಿಡುತ್ತೀರಿ ಎಂದು ಕೇಳಿದೆ. ದುರಸ್ತಿಯ ಮೊದಲು ನೆಲದ ಮೇಲಿತ್ತಂತೆ. ಹೊಸದಾದ ಸಂಭ್ರಮಕ್ಕೆ ಕುರ್ಚಿಯ ಮೇಲೆ ಇಟ್ಟಿದ್ದರು. ಗಿಟಾರ್ ಸ್ಪೀಕರ್ ತಾರದ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರ ಎದುರಿಗೆ ಚೆಲ್ಲುತ್ತದೆ. ನೆಲದ ಮೇಲಿದ್ದಾಗ ಅದೆಲ್ಲ ಮೊಣಕಾಲಿಗೆ ತಾಗುತ್ತಿತ್ತು, ಕುರ್ಚಿಗೇರಿದ ಮೇಲೆ ಕಿವಿಗೆ. ನೀವೂ ಒಮ್ಮೆ ಯೋಚಿಸಿ ನೋಡಿ. ನಾದದ ನೆನಪನ್ನಂತೂ ನಂಬಬೇಡಿ. ವಾರದ ಹಿಂದಿನ ನಾದಕ್ಕೂ ಇಂದಿನದಕ್ಕೂ ಹೋಲಿಕೆ ಮಾಡುವುದು ಕಿವಿಯ ಕೈಲಾಗದ ಕೆಲಸ. ಮೈಕನ್ನು ಒಂದೇ ಜಾಗದಲ್ಲಿಟ್ಟು, ಗುಂಡಿಗಳನ್ನು ಗುರುತು ಮಾಡಿ, ಪ್ರತಿ ಬದಲಾವಣೆಯ ಮೊದಲೂ ಆಮೇಲೂ ಒಂದೇ ಸಾಲನ್ನು ಮುದ್ರಿಸಿಕೊಳ್ಳಿ. ಕೇಳುವಾಗ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಯಾವಾಗಲೂ ಹೆಚ್ಚು ಚೆನ್ನ ಎನಿಸುತ್ತದೆ.

ಹಾಗಾಗಿ ಮೊದಲು 12ಎವೈ7 ವಾಪಸ್ ಹಾಕಿ, ಎರಡು ದಿನ ನುಡಿಸಿ. ಅದು ನಿಮ್ಮ ಕೈಯಲ್ಲೇ ಆಗುವ ಕೆಲಸ. ಆಮೇಲೆ ವಾಲ್ವ್ ಆಂಪ್ಲಿಫೈಯರ್ ಬಲ್ಲ ದುರಸ್ತಿಗಾರರ ಬಳಿ ಒಯ್ದು ಮೊದಲ ಫಿಲ್ಟರ್ ಕೆಪಾಸಿಟರ್ ಇಳಿಸಿ. ಅದನ್ನು ಇಳಿಸಿದ ಮೇಲೆಯೇ ಬಯಾಸ್ ಹಾಕಿಸಿ. ಗೆಳೆಯನಿಂದ ಮತ್ತೆ ಬಿಚ್ಚಿಸುವುದಾದರೆ ಅವನಿಗೆ ಎರಡು ಮಾತು ಹೇಳಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಮೀರಿದ ವಿದ್ಯುತ್ ಕೂತಿರಬಹುದು, ಅದು ಕೊಲ್ಲುತ್ತದೆ; ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ನಂತರವೇ ಕೈ ಹಾಕಬೇಕು. ಹಾಗೆಯೇ ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರನ್ನು ಎಂದೂ ನುಡಿಸಕೂಡದು. ಹೊರೆಯಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಚಿಮ್ಮಿ ಒಳಗಿನ ನಿರೋಧಕ ಪದರವನ್ನು ಸುಡುತ್ತದೆ. ಆಗ ಟ್ರಾನ್ಸ್‌ಫಾರ್ಮರ್ ಬದಲಿಸಲೇಬೇಕಾಗುತ್ತದೆ.

ಡಬ್ಬಿಯಲ್ಲಿರುವ ಹಳೆಯ 6ಎಲ್6 ಜೋಡಿಯನ್ನು ಎಸೆಯಬೇಡಿ. ಕೆಲಸ ಮಾಡುತ್ತಿದ್ದವಾದರೆ, ಹೊಸದರಲ್ಲಿ ಒಂದು ಕೈಕೊಟ್ಟ ರಾತ್ರಿ ಬೇಕಾಗುತ್ತವೆ. ಅವು ಎಷ್ಟು ಕರೆಂಟ್ ಎಳೆಯುತ್ತವೆಂದು ಅಳೆಸಿ, ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಡಿ. ಹಳೆಯ ಕಪ್ಲಿಂಗ್ ಕೆಪಾಸಿಟರ್‌ಗಳಲ್ಲಿ ಸೋರದಿರುವವನ್ನು ಇಟ್ಟುಕೊಳ್ಳಬಹುದು. ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳನ್ನು ಮಾತ್ರ ಇವತ್ತೇ ಇ-ತ್ಯಾಜ್ಯಕ್ಕೆ ಹಾಕಿ.